ಬಯಲಾಗ ಮಲಗಿದ ದಿನಗಳು

ನಮ್ಮ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಬಹಳ ಕಾಲ ಹಬ್ಬದ ಶುಭಾಶಯ, ಹುಟ್ಟುಹಬ್ಬದ ಕೇಕು, ಯಾರದೋ ಮಗಳ ಲಗ್ನಪತ್ರಿಕೆ ಇಷ್ಟೇ ಬರುತ್ತಿದ್ದವು. ಆಳಂದ ತಾಲ್ಲೂಕಿನ ಗಡಿಯ ಊರು ನಮ್ಮದು. ಆಚೆ ದಾಟಿದರೆ ಮಹಾರಾಷ್ಟ್ರ. ಒಂದೇ ಜಮಖಾನೆ ಮೇಲೆ ಕೂತು ಓದಿದವರು ಈಗ ಕಲಬುರಗಿ, ಸೊಲ್ಲಾಪುರ, ಪುಣೆ, ಬೆಂಗಳೂರು ಅಂತ ಚದುರಿದ್ದೇವೆ. ಕೆಲವರು ಊರಲ್ಲೇ ಇದ್ದಾರೆ. ಗ್ರೂಪಿನಲ್ಲಿ ಗಂಡುಹುಡುಗರು ನಮಗೆ 'ರೀ' ಹಚ್ಚಿ ಮಾತಾಡುತ್ತಿದ್ದರು, ನಾವೂ ಹಾಗೇ. ಒಂದು ದಿನ ಊರಲ್ಲಿರುವ ಗೆಳೆಯನೊಬ್ಬ ಹೊಲದ ಬೇಲಿಯಲ್ಲಿ ಸಿಕ್ಕ ಗುಲಗಂಜಿಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ಫೋಟೋ ಹಾಕಿದ. ಕೆಳಗೆ ಇಷ್ಟೇ ಬರೆದಿದ್ದ: "ನೆನಪದಾ?"

ಅವತ್ತು ಸಂಜೆಯೊಳಗೆ ಎಲ್ಲರ ಬಾಯಲ್ಲೂ 'ನೀ' ಬಂದಿತ್ತು.

ಗುಲಗಂಜಿ ಅಂದ್ರೆ ಆಗ ನಮಗೆ ರೊಕ್ಕ. ಹಿಂದೆ ಪತ್ತಾರರು ಬಂಗಾರ ತೂಗುತ್ತಿದ್ದದ್ದು ಇದರಲ್ಲೇ ಅಂತ ಮುದುಕರು ಹೇಳುತ್ತಿದ್ದರು. ಅದಕ್ಕೇ ನಾವು ಮಕ್ಕಳು ಆರಿಸಿ ಡಬ್ಬಿಯಲ್ಲಿ ಕೂಡಿಟ್ಟ ಸಾಮಾನಿನ ಆಟದ ಪೇಟೆಯಲ್ಲೂ ಎಲ್ಲಕ್ಕೂ ಬೆಲೆ ಗುಲಗಂಜಿಯಲ್ಲೇ. ಬಾಯಲ್ಲಿ ಹಾಕಿಕೊಂಡರೆ ಜೀವ ಹೋಗ್ತದ ಅಂತ ಅವ್ವ ಗದರಿಸುತ್ತಿದ್ದಳು. ಅದು ಬರೀ ಹೆದರಿಸುವ ಮಾತಲ್ಲ. ಆ ಬೀಜದೊಳಗೆ ನಿಜಕ್ಕೂ ವಿಷ ಇದೆ. ಇದನ್ನು ಓದಿ ಯಾರಾದರೂ ಮಕ್ಕಳಿಗೆ ಗುಲಗಂಜಿ ತಂದುಕೊಡುವ ಮನಸ್ಸು ಮಾಡಿದರೆ, ಸಣ್ಣ ಮಕ್ಕಳ ಕೈಗೆ ಬೇಡ.

ಗಜ್ಜುಗ ಬೇರೆ ಥರ. ಬೂದಿ ಬಣ್ಣದ ಗಟ್ಟಿ ಬೀಜ. ಬಂಡೆಗೆ ಗಸಗಸ ತಿಕ್ಕಿ ಮುಂದೆ ಕೂತವನ ತೋಳಿಗೆ ಮುಟ್ಟಿಸಿದರೆ ಚುರ್ ಅನ್ನುತ್ತಿತ್ತು. ಜಾತ್ರೆ ಮುಗಿದ ಮರುದಿನ ಬಳೆಗಾರರು ಕೂತಿದ್ದ ಜಾಗದಲ್ಲಿ ಬಳೆಚೂರು ಆರಿಸುವುದು ಹುಡುಗಿಯರ ಕೆಲಸ. ಹಸಿರು ಚೂರು ಕಡಿಮೆ ಬೆಲೆ, ಬಂಗಾರದ ಗೆರೆ ಇದ್ದದ್ದು ಜಾಸ್ತಿ. ಮಿರಗದ ಮಳೆಗೆ ಹೊರಬರುವ ಕೆಂಪು ಮಕಮಲ್ಲಿನ ಹುಳ ಕಡ್ಡಿಪೆಟ್ಟಿಗೆಯಲ್ಲಿ ಎರಡು ದಿನ ಇರುತ್ತಿತ್ತು, ಆಮೇಲೆ ಬಿಟ್ಟುಬಿಡುತ್ತಿದ್ದೆವು. ನವಿಲುಗರಿ ಪುಸ್ತಕದ ನಡುವೆ ಮಲಗುತ್ತಿತ್ತು. ಅದು ಮರಿ ಹಾಕಲಿ ಅಂತ ಪಕ್ಕದಲ್ಲಿ ಅಕ್ಕಿಕಾಳು ಇಡುತ್ತಿದ್ದವಳು ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ.

ಎಲ್ಲಕ್ಕಿಂತ ದೊಡ್ಡದು ಹರಳುಕಲ್ಲು. ಹೊಸ ಬಾವಿ ತೋಡಿದಾಗ ಹೊರಗೆ ಹಾಕಿದ ಕರಿಕಲ್ಲಿನ ರಾಶಿ ಇರುತ್ತಲ್ಲ, ಅದರಲ್ಲಿ ಕೆಲವು ಕಲ್ಲುಗಳ ಹೊಟ್ಟೆ ಪೊಳ್ಳು. ಒಡೆದರೆ ಒಳಗೆ ಬಿಳಿ ಹರಳು, ಬಿಸಿಲಿಗೆ ಹಿಡಿದರೆ ಮಿಂಚುತ್ತಿತ್ತು. ಅದು ವಜ್ರ ಅಂತಲೇ ನಮ್ಮ ಲೆಕ್ಕ. ಒಂದು ಒಳ್ಳೆ ಹರಳಿಗೆ ಒಂದು ಮುಷ್ಟಿ ಗುಲಗಂಜಿ ಕೊಟ್ಟರೂ ಯಾರೂ ಬಿಡುತ್ತಿರಲಿಲ್ಲ.

ಈ ಮಾತು ನಡೆದಾಗಲೇ ಕಿರಾಣಿ ಅಂಗಡಿಯವರ ಮಗಳು ಒಂದು ಸಾಲು ಬರೆದಳು. "ನನ್ನ ಡಬ್ಬಿ ಭೂಕಂಪದ ರಾತ್ರಿ ಗೂಡಿನ್ಯಾಗ ಉಳೀತು. ಆಮ್ಯಾಲ ಸಿಗಲೇ ಇಲ್ಲ."

ಗ್ರೂಪು ಸ್ವಲ್ಪ ಹೊತ್ತು ಸುಮ್ಮನಾಯಿತು. ಆಮೇಲೆ ಒಂದರ ಹಿಂದೆ ಒಂದು ಮಾತು ಬರತೊಡಗಿದವು. ನಮ್ಮ ಕಡೆ ಭೂಕಂಪ ಅಂದರೆ ಒಂದೇ, ಕಿಲ್ಲಾರಿಯದು. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ 4 ಗಂಟೆಗೆ ಕೆಲವೇ ನಿಮಿಷ ಮುಂಚೆ. ಲಾತೂರ್ ಜಿಲ್ಲೆಯ ಕಿಲ್ಲಾರಿ ನಮ್ಮ ಆಳಂದಕ್ಕೆ ನೇರ ಉತ್ತರದಲ್ಲಿ, ಗೆರೆ ಎಳೆದರೆ 50-60 ಕಿಲೋಮೀಟರ್ ಅಷ್ಟೇ. ಜಿಲ್ಲೆ, ರಾಜ್ಯ ಬೇರೆ ಇರಬಹುದು. ಹೆಣ್ಣು ಕೊಡುವುದು, ತರುವುದು, ಸಂತೆ, ಎತ್ತಿನ ವ್ಯಾಪಾರ ಎಲ್ಲ ಆ ಕಡೆಗೂ ಇತ್ತು.

ಇದನ್ನೆಲ್ಲ ಸರಿಯಾಗಿ ಕೂಡಿಸಿ ಬರೆದಿಡಬೇಕು ಅಂತ ನನಗೆ ಅನ್ನಿಸಿದ್ದು ಆಗ. ನಮ್ಮ ಅಪ್ಪ, ಅಜ್ಜಿ ತೀರಿಹೋಗಿದ್ದಾರೆ. ಆ ರಾತ್ರಿಯನ್ನು ದೊಡ್ಡವರಾಗಿ ಕಂಡವರು ಕಡಿಮೆ ಆಗುತ್ತಿದ್ದಾರೆ. ಮಕ್ಕಳಾಗಿ ಕಂಡವರು ನಾವೇ ಈಗ ನಡುವಯಸ್ಸಿನಲ್ಲಿ ಇದ್ದೇವೆ. ಇನ್ಯಾರು ಬರೀಬೇಕು?

ಒಂದು ವಿಷಯ ಮೊದಲೇ ಗೊತ್ತಾಗಿತ್ತು. ಗ್ರೂಪಿನಲ್ಲಿ ಒಬ್ಬ "ನಾಯಿ ಬಹಳ ಬೊಗಳ್ತಿದ್ವು" ಅಂದ ಕೂಡಲೇ ಎಲ್ಲರಿಗೂ ನಾಯಿ ಬೊಗಳಿದ್ದೇ ನೆನಪಾಗುತ್ತಿತ್ತು. ಹಾಗಾಗಿ ಗ್ರೂಪಿನಲ್ಲಿ ಬರೆಯಬೇಡಿ ಅಂತ ಕೇಳಿಕೊಂಡೆ. ಪ್ರತಿಯೊಬ್ಬರೂ ನನಗೊಬ್ಬಳಿಗೇ ವಾಯ್ಸ್ ಮೆಸೇಜ್ ಕಳಿಸಬೇಕು, ಬೇರೆಯವರದ್ದು ಕೇಳುವ ಮೊದಲೇ. ಎಲ್ಲರಿಗೂ ಅವೇ ಪ್ರಶ್ನೆ. ಎಲ್ಲಿ ಮಲಗಿದ್ದಿ? ಯಾರು ಎಬ್ಬಿಸಿದರು? ಓಡುವಾಗ ಕೈಯಲ್ಲಿ ಏನಿತ್ತು? ಮರುದಿನ ಎಲ್ಲಿ ಮಲಗಿದಿ? ಹೆದರಿಕೆ ಆಯ್ತಾ ಅಂತ ಮಾತ್ರ ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ಹೌದು ಅಂತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಕೈಯಲ್ಲಿ ಏನಿತ್ತು ಅಂತ ಕೇಳಿದರೆ ಇಡೀ ಮನೆ ಕಣ್ಣ ಮುಂದೆ ಬರುತ್ತದೆ.

ಬಂದ ಉತ್ತರಗಳನ್ನು ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಕೂತು ನೋಟ್‌ಬುಕ್ಕಿಗೆ ಇಳಿಸುತ್ತಿದ್ದೆ. ಅವರು ಹೇಳಿದ ಮಾತಿನಲ್ಲೇ ಬರೆದೆ, ಪುಸ್ತಕದ ಭಾಷೆಗೆ ತಿದ್ದಲಿಲ್ಲ.

"ನಾ ಅಟ್ಟದ ಕೆಳಗ ಮಲಗಿದ್ದೆ. ಮ್ಯಾಲಿಂದ ತಾಬಾಣ ಬಿತ್ತು, ಕಳ್ಳರು ಬಂದ್ರು ಅನ್ಕೊಂಡೆ."

"ಲಾರಿ ಬಂತು ಅನ್ಕೊಂಡೆ. ನಮ್ಮ ಓಣಿಗೆ ಲಾರಿ ಎಲ್ಲಿ ಬರ್ತದ? ಅಷ್ಟರಾಗ ಅಪ್ಪ ಕೂಗಿದ, ಭೂಮಿ ನಡುಗ್ಲತ್ತದ, ಹೊರಗ ನಡೀರಿ!"

"ಅಜ್ಜಿ ಮೊದಲ ದನದ ಹಗ್ಗ ಬಿಚ್ಚಿದಳು. ಆಮ್ಯಾಲ ನನ್ನ ಎಬ್ಬಿಸಿದಳು. ಅದನ್ನ ನೆನೆಸಿ ಬಹಳ ದಿನ ಸಿಟ್ಟಿತ್ತು. ಈಗ ಇಲ್ಲ."

ಕೈಯಲ್ಲಿ ಏನಿತ್ತು ಅನ್ನುವ ಪ್ರಶ್ನೆಗೆ ಬಂದ ಉತ್ತರ ಓದುತ್ತ ನಾನು ಎಷ್ಟೋ ಸಲ ಪೆನ್ನು ಕೆಳಗಿಟ್ಟಿದ್ದೇನೆ. ಒಬ್ಬಳ ಕೈಯಲ್ಲಿ ತಮ್ಮ. ಒಬ್ಬನ ಕೈಯಲ್ಲಿ ಒಂದೇ ಚಪ್ಪಲಿ. ಒಬ್ಬ ಗೋಲಿ ಚೀಲ ಹಿಡಿದು ಓಡಿದ್ದ. ವಿಜ್ಞಾನ ಕಲಿಸುವವಳು ನವಿಲುಗರಿ ಇದ್ದ ಪುಸ್ತಕ ಹಿಡಿದು ಓಡಿದ್ದಳು. ನನ್ನ ಅವ್ವನನ್ನೂ ಕೇಳಿದೆ. "ಏನೂ ಹಿಡೀಲಿಲ್ಲ ಯವ್ವಾ. ಮೊರದಾಗ ಹಾಕಿ ಕೇರಿದಂಗಾತು. ನಿಂತ್ಕೊಂಡ್ರ ಸಾಕಾಗಿತ್ತು" ಅಂದಳು.

ಒಂದು ಕಡೆ ಜನರ ನೆನಪು ಎರಡು ಪಾಲಾಯಿತು. ಅರ್ಧ ಜನ ಆ ರಾತ್ರಿ ಕಗ್ಗತ್ತಲು, ಮಳೆ ಬರುತ್ತಿತ್ತು ಅಂದರು. ಇನ್ನರ್ಧ ಜನ ಬೆಳದಿಂಗಳಿತ್ತು, ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿತ್ತು ಅಂದರು. ಪಂಚಾಂಗ ನೋಡಿದೆ. ಹಿಂದಿನ ದಿನ ಅನಂತ ಚತುರ್ದಶಿ. ಊರೂರಲ್ಲೂ ಗಣಪತಿ ಕಳಿಸಿ ಜನ ತಡವಾಗಿ ಮಲಗಿದ್ದರು. ಕಿಲ್ಲಾರಿ ಕಡೆ ಅಷ್ಟು ಜನ ಗಾಢ ನಿದ್ದೆಯಲ್ಲಿ ಇದ್ದದ್ದಕ್ಕೆ ಇದೂ ಒಂದು ಕಾರಣ ಅಂತಾರೆ. ಮರುದಿನ ಹುಣ್ಣಿಮೆ. ಅಂದರೆ ಆಕಾಶದಲ್ಲಿ ದೊಡ್ಡ ಚಂದ್ರ ಇರಲೇಬೇಕು. ಮಳೆ ನೆನಪಿದ್ದವರದ್ದು ಸುಳ್ಳೂ ಅಲ್ಲ. ಆಮೇಲಿನ ದಿನಗಳಲ್ಲಿ ಮಳೆ ಸುರಿದಿತ್ತು, ಕಿಲ್ಲಾರಿಯಲ್ಲಿ ಮಣ್ಣಿನಡಿಯಿಂದ ಜನರನ್ನು ತೆಗೆಯುವ ಕೆಲಸಕ್ಕೂ ಅದು ಅಡ್ಡಿಯಾಗಿತ್ತು. ನಾವು ಮಕ್ಕಳು. ಹೊರಗೆ ಕಳೆದ ಎಲ್ಲ ರಾತ್ರಿಗಳೂ ನಮ್ಮಲ್ಲಿ ಒಂದೇ ರಾತ್ರಿ ಆಗಿ ಉಳಿದಿವೆ. ನೋಟ್‌ಬುಕ್ಕಿನಲ್ಲಿ ಎರಡನ್ನೂ ಬರೆದೆ, ಯಾವುದನ್ನೂ ಅಳಿಸಲಿಲ್ಲ.

ಇನ್ನೊಬ್ಬ, "ಹಿಂದಿನ ವರ್ಷವೇ ಆ ಕಡೆ ಅಲುಗಿತ್ತು, ನಮ್ಮ ಮಾವ ಹೇಳಿದ್ದ" ಅಂದಿದ್ದ. ಉಳಿದವರು ನಂಬಲಿಲ್ಲ. ಅವನ ಮಾತು ಖರೆ. 1992ರ ಅಕ್ಟೋಬರ್, ನವೆಂಬರಿನಲ್ಲಿ ಕಿಲ್ಲಾರಿ ಸುತ್ತ ಸಣ್ಣ ಸಣ್ಣ ಕಂಪನಗಳು ಆಗಿದ್ದವು. ಆದರೂ ಆ ಸೀಮೆ ಆಗಿನ ನಕ್ಷೆಯಲ್ಲಿ ಎಲ್ಲಕ್ಕಿಂತ ಕಡಿಮೆ ಅಪಾಯದ ವಲಯದಲ್ಲಿತ್ತು. ದಖ್ಖನ್ನಿನ ನೆಲ ಗಟ್ಟಿ, ಇಲ್ಲಿ ಭೂಕಂಪ ಆಗೋದಿಲ್ಲ ಅಂತಲೇ ಎಲ್ಲರೂ ತಿಳಿದಿದ್ದರು. 1967ರ ಡಿಸೆಂಬರಿನಲ್ಲಿ ಕೊಯ್ನಾ ಕಡೆ ಭೂಮಿ ನಡುಗಿದ್ದನ್ನು ಹಿರಿಯರು ಕಂಡಿದ್ದರು. ಅದು ದೂರದ್ದು, ಅಣೆಕಟ್ಟಿನ ಹತ್ತಿರದ್ದು ಅಂತ ಬಿಟ್ಟಿದ್ದರು.

ಕಿಲ್ಲಾರಿಯ ಕಂಪನದ ಅಳತೆ 6.2. ಸುಮಾರು 10,000 ಜನ ಸತ್ತರು. ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಭೂಕಂಪಗಳು ಆಗಿ ಇಷ್ಟು ಜನ ಸಾಯದೇ ಇದ್ದದ್ದೂ ಉಂಟು. ಇಲ್ಲಿ ಜೀವ ತೆಗೆದದ್ದು ಮನೆಗಳು. ಆ ಮಾತಿಗೆ ಆಮೇಲೆ ಬರ್ತೀನಿ.

ಮರುದಿನದ ನೆನಪು ಎಲ್ಲರದ್ದೂ ಒಂದೇ. ರೊಟ್ಟಿ. ಬೆಳಿಗ್ಗೆ ರೇಡಿಯೋದಲ್ಲಿ ಸುದ್ದಿ ಬಂತು. ಆ ಕಡೆಯಿಂದ ಬಂದವರು ಕಂಡದ್ದು ಹೇಳಿದರು. ಊರಿನ ಹೆಂಗಸರು ಮನೆಯೊಳಗೆ ಹೋಗಲು ಹೆದರಿ ಅಂಗಳದಲ್ಲಿ ಮೂರು ಕಲ್ಲು ಹೂಡಿ ಜೋಳದ ರೊಟ್ಟಿ ಬಡಿಯಲು ಕೂತರು. ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಎಲ್ಲ ಬಟ್ಟೆಯಲ್ಲಿ ಗಂಟು ಕಟ್ಟಿ ಟ್ರಾಕ್ಟರಿಗೆ ಏರಿಸಿದರು. ಹುಡುಗರು ಓಣಿ ಓಣಿ ತಿರುಗಿ ರೊಟ್ಟಿ ಕೂಡಿಸಿದೆವು. ಆ ಟ್ರಾಕ್ಟರಿನಲ್ಲಿ ಹೋದ ಗಂಡಸರು ತಿರುಗಿ ಬಂದು ಮಾತಾಡಲಿಲ್ಲ. ನಮ್ಮಪ್ಪ ಬಚ್ಚಲಲ್ಲಿ ಬಹಳ ಹೊತ್ತು ನೀರು ಹಾಕಿಕೊಳ್ಳುತ್ತಲೇ ಇದ್ದ. ಅದನ್ನು ನೋಡಿದ್ದು ನಾನೊಬ್ಬಳೇ ಅಂದುಕೊಂಡಿದ್ದೆ. ವಾಯ್ಸ್ ಮೆಸೇಜುಗಳಲ್ಲಿ ಮತ್ತಿಬ್ಬರು ತಮ್ಮ ಅಪ್ಪಂದಿರ ಬಗ್ಗೆ ಇದನ್ನೇ ಹೇಳಿದರು.

ಆಮೇಲೆ ಶುರುವಾದದ್ದು ಬಯಲಿನ ವಾಸ. ಊರಿಗೆ ಊರೇ ಹೊರಗೆ ಮಲಗಿತು. ಇವತ್ತು ರಾತ್ರಿ ಮತ್ತೆ ಆಗ್ತದಂತ, ಹನ್ನೆರಡಕ್ಕಂತ, ಅಮವಾಸೆಗಂತ ಅನ್ನುವ ಸುದ್ದಿ ದಿನಾ ಹುಟ್ಟುತ್ತಿತ್ತು. ಭೂಕಂಪದ ಹೊತ್ತು ಮುಂಚೆ ಹೇಳೋದು ಇವತ್ತಿಗೂ ಯಾರಿಗೂ ಆಗೋದಿಲ್ಲ. ಆಗ ಅದನ್ನು ಹೇಳುವವರು ಯಾರಿದ್ದರು? ಲೋಟದ ಮೇಲೆ ಲೋಟ ಇಟ್ಟು ತಲೆದಿಂಬಿನ ಹತ್ತಿರ ಇಟ್ಟುಕೊಳ್ಳುತ್ತಿದ್ದರು, ಬಿದ್ದರೆ ಎಚ್ಚರ ಆಗಲಿ ಅಂತ. ಸಣ್ಣ ಸಣ್ಣ ನಡುಕ ನಿಜಕ್ಕೂ ಬರುತ್ತಲೇ ಇದ್ದವು.

ಇಲ್ಲಿ ನನ್ನ ನೋಟ್‌ಬುಕ್ಕು ತುಂಬಿಹೋಯಿತು. ಭೂಕಂಪದ ಬಗ್ಗೆ ಎರಡು ನಿಮಿಷ ಮಾತಾಡಿದವರು ಬಯಲಿನ ಬಗ್ಗೆ ಅರ್ಧ ಗಂಟೆ ಮಾತಾಡಿದ್ದಾರೆ. ಯಾಕಂದ್ರೆ ಮಕ್ಕಳಿಗೆ ಅದು ಹಬ್ಬ. ಶಾಲೆ ಇಲ್ಲ. ಯಾವ ಮನೆಯ ಹುಡುಗರು ಯಾವ ಮನೆಯವರ ಹತ್ತಿರ ಕೂರಬಾರದು ಅಂತ ಹೇಳುತ್ತಿದ್ದ ಮುದುಕರು ಆ ದಿನಗಳಲ್ಲಿ ಸುಮ್ನಿದ್ದರು. ಎಲ್ಲರ ಹಾಸಿಗೆ ಒಂದೇ ಸಾಲು. ಹಗಲಿಡೀ ಬೇಲಿ, ಹಳ್ಳ, ಬಾವಿಕಟ್ಟೆ. ಸೀತಾಫಲದ ಕಾಲ ಬೇರೆ. ಹಣ್ಣು ತಿಂದು ಕರಿ ಬೀಜ ತೊಳೆದು ಒಣಗಿಸಿ ಅದನ್ನೂ ಪೇಟೆಗೆ ತಂದೆವು. ನಮ್ಮ ಗುಲಗಂಜಿ, ಗಜ್ಜುಗ, ಹರಳಿನ ವ್ಯಾಪಾರ ದೊಡ್ಡದಾಗಿ ನಡೆದದ್ದೇ ಆ ಬಯಲಿನಲ್ಲಿ. ಎಲ್ಲರ ಡಬ್ಬಿಯೂ ತುಂಬಿದ್ದು ಆಗಲೇ.

ಹಾಗೆ ಖುಷಿಯಾಗಿದ್ದೆವು ಅಂತ ಹೇಳಲು ಬಹಳ ಜನಕ್ಕೆ ಸಂಕೋಚ. ಧ್ವನಿ ಇಳಿಸಿ ಹೇಳಿದ್ದಾರೆ. ಅಷ್ಟೇ ದೂರದಲ್ಲಿ ಸಾವಿರಾರು ಜನ ಸತ್ತಾಗ ನಾವು ನಕ್ಕಿದ್ದೆವಲ್ಲ ಅಂತ. ನಾನು ಅವರಿಗೆ ಹೇಳಿದ್ದು ಇಷ್ಟೇ. ನಮ್ಮನ್ನು ನಗಲು ಬಿಟ್ಟದ್ದು ನಮ್ಮ ಅವ್ವಂದಿರು. ಅವರು ಬಾಯಿಬಿಟ್ಟು ಅತ್ತಿದ್ದರೆ ನಾವು ಗುಲಗಂಜಿ ಆರಿಸಲು ಹೋಗುತ್ತಿರಲಿಲ್ಲ.

ಒಬ್ಬನ ಮೆಸೇಜು ಎಲ್ಲರಿಗಿಂತ ತಡವಾಗಿ ಬಂತು. ಹಿಂದಿನ ಸಾಲಿನಲ್ಲಿ ಕೂರುತ್ತಿದ್ದವನು. ಭೂಕಂಪ ಆದಮೇಲೆ ಬಹಳ ದಿನ ಶಾಲೆಗೆ ಬಂದಿರಲಿಲ್ಲ. ಜ್ವರ ಅಂತ ನಾವು ತಿಳಿದಿದ್ದೆವು. ಅವನ ಅತ್ತೆಯನ್ನು ಉಮರ್ಗಾದಿಂದ ಆಚೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಆ ಮನೆಯಲ್ಲಿ ಅವನದೇ ವಯಸ್ಸಿನ ಅಣ್ಣತಮ್ಮ ಇಬ್ಬರು. ಪ್ರತಿ ಬೇಸಿಗೆ ರಜೆ ಅಲ್ಲೇ. "ಹರಳ ಹುಡುಕೋದು ನನಗ ಅವರೇ ಕಲಿಸಿದ್ದು. ಕಲ್ಲ ಕಿವಿಗೆ ಹಚ್ಚಿ ಬಡಿದು ನೋಡು, ಪೊಳ್ಳಿದ್ರ ಗೊತ್ತಾಗ್ತದ ಅಂತಿದ್ರು. ಯಾರೂ ಉಳೀಲಿಲ್ಲ ಅವ್ವಾ. ನಾ ಶಾಲಿಗೆ ಬಂದಾಗ ನೀವೆಲ್ಲ ಹರಳ ತೋರಸ್ಲತ್ತಿದ್ರಿ. ನಾ ಏನೂ ಹೇಳಲಿಲ್ಲ." ಇಷ್ಟು ಹೇಳಿ ಅವನು ಆ ಇಬ್ಬರ ಹೆಸರು ಹೇಳಿದ, ನಿಧಾನಕ್ಕೆ. ಅವನ ಮನೆಯ ಹೊರಗೆ ಆ ಹೆಸರು ಹೋಗಿದ್ದು ಅದೇ ಮೊದಲು. ಅವು ನನ್ನ ನೋಟ್‌ಬುಕ್ಕಿನಲ್ಲಿ ಇವೆ. ಇಲ್ಲಿ ಬರೆಯುವುದು ಬೇಡ ಅಂದಿದ್ದಾನೆ.

ಆ ಮೆಸೇಜನ್ನು ಅವನನ್ನು ಕೇಳಿಯೇ ಗ್ರೂಪಿಗೆ ಹಾಕಿದೆ. ಅವತ್ತು ಯಾರೂ ಕೈ ಮುಗಿಯುವ ಚಿತ್ರ ಕಳಿಸಲಿಲ್ಲ. ಒಬ್ಬೊಬ್ಬರೇ ಅವನಿಗೆ ಫೋನ್ ಮಾಡಿದರು.

ಎಲ್ಲರೂ ಸೇರೋಣ ಅಂತ ತೀರ್ಮಾನ ಆದದ್ದು ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ. ನಮ್ಮ ಕಲಬುರಗಿ ಸೀಮೆಯವರು ಎಲ್ಲಿದ್ದರೂ ಎಳ್ಳಮಾಸಿಗೆ ಊರಿಗೆ ಬರ್ತಾರೆ, ಬೇರೆ ಕರೆ ಬೇಕಿಲ್ಲ. ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ, ಎಣ್ಣಿಗಾಯಿ ಬದನೆ, ಕಡಬು ಉಂಡು ಬೇವಿನ ಗಿಡದ ಕೆಳಗೆ ಕೂತೆವು. ಪಕ್ಕದಲ್ಲಿ ತೊಗರಿ ಕಾಯಿ ಕಟ್ಟಿ ನಿಂತಿತ್ತು. ಉಳಿದಿರುವ ಡಬ್ಬಿ ತರಬೇಕು ಅಂತ ಹೇಳಿದ್ದೆ. ಕೆಲವರಲ್ಲಿ ಮಾತ್ರ ಇತ್ತು. ನವಿಲುಗರಿ ಬಣ್ಣ ಮಾಸಿತ್ತು. ಗುಲಗಂಜಿ ಮಾತ್ರ ಹಾಗೇ, ಹೊಸದರ ಹೊಳಪು.

ಆ ದಿನ ನನಗೆ ಬಹಳ ಕಲಿಸಿದವನು ನಮ್ಮ ಗೌಂಡಿ ಗೆಳೆಯ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಹರೆಯದಲ್ಲಿ ಕಿಲ್ಲಾರಿ ಸುತ್ತ ಹೊಸ ಊರುಗಳನ್ನು ಕಟ್ಟುವ ಕೆಲಸಕ್ಕೆ ಹೋಗಿದ್ದ. ಅಲ್ಲಿ 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಿದರು. ಅವನು ಒಣ ಮಣ್ಣಲ್ಲಿ ಕಡ್ಡಿಯಿಂದ ಗೋಡೆ ಬರೆದು ತೋರಿಸಿದ.

"ನಮ್ಮ ಹಳೇ ಗ್ವಾಡಿ ಎರಡು ಪದರ. ಹೊರಗ ಒಂದು ಸಾಲ ಕಲ್ಲ, ಒಳಗ ಒಂದು ಸಾಲ ಕಲ್ಲ. ನಡುವ ಮಣ್ಣು, ಚೂರುಕಲ್ಲು. ಎರಡನ್ನ ಹಿಡಿಯೋದು ಏನೂ ಇಲ್ಲ. ಅಲುಗಿದ್ರ ಒಂದು ಹೊರಗ ಬೀಳ್ತದ, ಒಂದು ಮಲಗಿದವರ ಮ್ಯಾಲ ಬೀಳ್ತದ."

ಅದರ ಮೇಲೆ ಮಾಳಿಗೆ, ಅಂದರೆ ಮಣ್ಣಿನ ಚಪ್ಪಟೆ ಛಾವಣಿ. ಸೋರಬಾರದು ಅಂತ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕುತ್ತಾರೆ. ಹಳೆಯದನ್ನು ತೆಗೆಯುವುದಿಲ್ಲ. ತಲೆಮಾರು ಕಳೆದಂತೆ ಒಂದು ಅಡಿ, ಎರಡು ಅಡಿ ದಪ್ಪ ಆಗುತ್ತದೆ. ಬೇಸಿಗೆಯಲ್ಲಿ ತಂಪು, ನಿಜ. ಆದರೆ ಅದರ ಭಾರ ಎಷ್ಟು! ಆ ರಾತ್ರಿ ಕಿಲ್ಲಾರಿ ಸೀಮೆಯಲ್ಲಿ ಜನರನ್ನು ಹೂತದ್ದು ಆ ಕಲ್ಲು, ಆ ಮಣ್ಣು. ನಮ್ಮೂರಲ್ಲಿ ಅಂಥವೇ ಮನೆಗಳು. ನಾವು ಉಳಿದದ್ದು ಆ ಐವತ್ತು ಅರವತ್ತು ಕಿಲೋಮೀಟರ್ ದೂರದಿಂದ.

ಮದುವೆಯಾಗಿ ಚಿಂಚೋಳಿ ಕಡೆ ಹೋದ ಗೆಳತಿ ಇದನ್ನು ಕೇಳುತ್ತಿದ್ದವಳು, "ನನಗ ಎರಡನೇ ಸಲ ಆತು" ಅಂದಳು. 2021ರ ಅಕ್ಟೋಬರಿನಲ್ಲಿ ಗಡಿಕೇಶ್ವರ ಸುತ್ತಮುತ್ತ ಮೇಲಿಂದ ಮೇಲೆ ಭೂಮಿ ಅಲುಗಿತು. ದೊಡ್ಡದು ರಿಕ್ಟರ್ ಅಳತೆಯಲ್ಲಿ 4ರ ಆಸುಪಾಸು. ಕೆಳಗಿಂದ ಧಡ್ ಅಂತ ಸದ್ದು. ಜನ ಮನೆ ಬಿಟ್ಟು ಹೊರಗೆ ಮಲಗಿದರು. ಅವಳೂ ಮಕ್ಕಳನ್ನು ಕರಕೊಂಡು ಬಯಲಿಗೆ ಬಂದಳು. "ಮಕ್ಕಳು ಮೊಬೈಲ್ ಹಿಡ್ಕೊಂಡು ಅಳ್ಲತ್ತಿದ್ವು. ನಾ ಬೆಳಿಗ್ಗಿ ಎದ್ದು ಬೇಲಿಗೆ ಕರಕೊಂಡು ಹೋದೆ. ಏನರೇ ಹುಡುಕ್ರಿ ಅಂದೆ. ಮಧ್ಯಾನದ ತನ ಅವಕ್ಕ ಅಳು ನೆನಪಿರಲಿಲ್ಲ." ನಾವು ಬಯಲಲ್ಲಿ ಆಡಿದ್ದನ್ನು ಬೇಕಂತಲೇ ತನ್ನ ಮಕ್ಕಳಿಗೆ ಕೊಟ್ಟವಳು ಅವಳು. ಎಲ್ಲರ ಮಾತಿಗಿಂತ ಈ ಮಾತು ನನಗೆ ದೊಡ್ಡದು.

ಹಿಂದಿನ ಸಾಲಿನ ಗೆಳೆಯ ಒಂದು ಹರಳುಕಲ್ಲು ತಂದಿದ್ದ. ಅತ್ತೆಯ ಊರಿನ ಬಾವಿಯದು. ವಿಜ್ಞಾನ ಕಲಿಸುವವಳು ಅದನ್ನು ಕೈಗೆ ತೆಗೆದುಕೊಂಡು ನಿಧಾನವಾಗಿ ಹೇಳಿದಳು. ನಮ್ಮ ಕರಿಕಲ್ಲು ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ನೆಲ ಸೀಳಿ ಹರಿದ ಬೆಂಕಿಯ ಲಾವಾ. ಅದು ಆರುವಾಗ ಒಳಗೆ ಗಾಳಿಯ ಗುಳ್ಳೆಗಳು ಉಳಿದವು. ಆಮೇಲೆ ನೀರು ಸಂದಿಯಲ್ಲಿ ಇಳಿದು, ಕರಗಿದ ಖನಿಜ ಆ ಗುಳ್ಳೆಯಲ್ಲಿ ಕೂತು ಹರಳಾಯಿತು. ಅವನು ಕೇಳಿದ, "ಭೂಕಂಪ ಆಗಿದ್ದೂ ಇದೇ ಕಲ್ಲಿನ್ಯಾಗೇನು?" ಅವಳು ಅಂದಳು, ಇದಕ್ಕಿಂತ ಕೆಳಗೆ, ಇನ್ನೂ ಹಳೆಯ ಬಂಡೆಯಲ್ಲಿ. ನಮ್ಮ ನೆಲ ಪೂರ್ತಿ ಉತ್ತರಕ್ಕೆ ಸರಿದು ಹಿಮಾಲಯವನ್ನು ಒತ್ತುತ್ತಿದೆ. ಆ ಒತ್ತಡ ಇಲ್ಲಿಯ ತನಕ ಕೂಡಿಕೊಂಡು, ಹಳೆಯ ಬಿರುಕು ಇದ್ದ ಕಡೆ ಬಿಡುತ್ತದೆ. ಅವನು ತಲೆ ಆಡಿಸಿದ. ಆ ಕಲ್ಲು ಶಾಲೆಗೆ ಕೊಡು ಅಂತ ಅವಳು ಕೇಳಿದಳು. ಕೊಡೋದಿಲ್ಲ, ತಂದು ತೋರಿಸ್ತೀನಿ ಅಂದ.

ಏಳುವ ಮೊದಲು ಇನ್ನೊಂದು ಕೆಲಸ ಹಚ್ಚಿಕೊಂಡೆವು. ನಮ್ಮಲ್ಲಿ ಯಾರ ಯಾರ ತವರಿನಲ್ಲಿ, ತಾಯಿ ಮನೆಯಲ್ಲಿ ಇನ್ನೂ ಹಳೆಯ ಮಾಳಿಗೆ ಇದೆ ಅಂತ ಪಟ್ಟಿ ಮಾಡಿದೆವು. ಬಹಳ ಮನೆಗಳಲ್ಲಿ ಈಗ ಮುದುಕರು ಮಾತ್ರ ಇದ್ದಾರೆ. ನಮ್ಮ ಅವ್ವನೂ ಆ ಪಟ್ಟಿಯಲ್ಲಿದ್ದಾಳೆ. ಹಳೆಯ ಮಣ್ಣು ತೆಗೆದು, ನೀರು ಇಳಿಯದ ಹಾಳೆ ಹಾಸಿ, ಮೇಲೆ ತೆಳ್ಳಗೆ ಮಣ್ಣು ಹಾಕಿದರೆ ಭಾರ ಎಷ್ಟೋ ಕಡಿಮೆ ಆಗುತ್ತದೆ ಅಂತ ಗೌಂಡಿ ಹೇಳಿದ. ಗೋಡೆಯ ಎರಡು ಪದರ ಹಿಡಿಯಲು ಅಲ್ಲಲ್ಲಿ ಅಗಲಕ್ಕೂ ಹಾಯುವ ಉದ್ದಗಲ್ಲು ಕೂರಿಸಬೇಕು. ಹೊಸದು ಕಟ್ಟುವವರು ಬಾಗಿಲ ಮೇಲಿನ ಮಟ್ಟಕ್ಕೆ ನಾಲ್ಕೂ ಗೋಡೆ ಸುತ್ತ ಕಾಂಕ್ರೀಟಿನ ಪಟ್ಟಿ ಬಿಡಲೇಬೇಕು. ಮಲಗುವ ಜಾಗ ದಪ್ಪ ಗೋಡೆಯ ಬುಡದಲ್ಲಿ ಬೇಡ, ಬಾಗಿಲಿಗೆ ಹತ್ತಿರ ಇರಲಿ. ಇಷ್ಟಕ್ಕೆ ದೊಡ್ಡ ಖರ್ಚಿಲ್ಲ.

ಅವ್ವ ಮೊದಲು ಒಪ್ಪಲಿಲ್ಲ. ಮಣ್ಣು ತೆಗೆದರೆ ಬೇಸಿಗೆಯಲ್ಲಿ ಮನೆ ಕಾಯ್ತದ ಅಂದಳು. ಗೌಂಡಿ ಅವಳ ಎದುರು ನೆಲದ ಮೇಲೆ ಕೂತು, "ಅತ್ತೀ, ಬಿಸಿಲಾದ್ರ ಫ್ಯಾನ್ ಹಾಕ್ಕೋಬಹುದು" ಅಂತ ಶುರುಮಾಡಿ ತಾನು ಕಿಲ್ಲಾರಿಯಲ್ಲಿ ಕಂಡದ್ದನ್ನೆಲ್ಲ ಹೇಳಿದ. ಮಿರಗದ ಮಳೆಗೆ ಮುಂಚೆ ಕೆಲಸ ಹಿಡಿಯುತ್ತಾನೆ. ಪುಣೆಯಲ್ಲಿ ಇರುವವರು ಹಾಳೆ ತರಿಸಿಕೊಡ್ತೀವಿ ಅಂದಿದ್ದಾರೆ. ಪಟ್ಟಿಯಲ್ಲಿ ಮೊದಲು ಹಿಂದಿನ ಸಾಲಿನ ಗೆಳೆಯನ ಮನೆ, ಆಮೇಲೆ ನಮ್ಮದು.